ಯಾರ ಕೋಟು? ಪದಬಂಧದ ಸುಳಿವುಗಳಲ್ಲಿ ತುಪ್ಪಳ ಮತ್ತು ಉರುಳು

ಇಂಗ್ಲಿಷ್ ಪದಬಂಧ ಬಿಡಿಸುವ ಗೀಳು ಹತ್ತಿಸಿಕೊಂಡ ಕನ್ನಡಿಗರಿಗೆ ಎಂದೂ ಕಣ್ಣಾರೆ ಕಾಣದ ಕೆಲವು ಪ್ರಾಣಿಗಳ ಪರಿಚಯ ಚೆನ್ನಾಗಿ ಇರುತ್ತದೆ. ಅರ್ಮಿನ್, ಸೇಬಲ್, ಮಿಂಕ್, ಸ್ಟೋಟ್, ಮಾರ್ಟೆನ್. ಇವು ಎಷ್ಟು ದೊಡ್ಡವು, ಏನು ತಿನ್ನುತ್ತವೆ, ಎಲ್ಲಿ ಮರಿ ಹಾಕುತ್ತವೆ ಎಂದರೆ ನಮಗೆ ತಿಳಿಯದು. ಎಷ್ಟು ಅಕ್ಷರ ಎಂದರೆ ತಟ್ಟನೆ ಹೇಳುತ್ತೇವೆ. ಅರ್ಮಿನ್ ಇಂಗ್ಲಿಷಿನಲ್ಲಿ ಆರು ಅಕ್ಷರದ ಪದ. ಅದರಲ್ಲಿ ಮೂರು ಸ್ವರ, ಉಳಿದ ಮೂರು ವ್ಯಂಜನಗಳೂ ಸುಲಭವಾಗಿ ಬೇರೆ ಪದಗಳ ಜೊತೆ ಹೆಣೆದುಕೊಳ್ಳುವಂಥವು. ಹಾಗಾಗಿ ಪದಬಂಧ ಕಟ್ಟುವವರಿಗೆ ಅದು ಅಚ್ಚುಮೆಚ್ಚು. ಹಿಮದ ನಾಡಿನ ಈ ಪ್ರಾಣಿ ಬೆಂಗಳೂರಿನ ಬಸ್ಸಿನಲ್ಲಿ ಪತ್ರಿಕೆ ಮಡಚಿಕೊಂಡು ಕೂತವರ ಪೆನ್ನಿನ ತುದಿಗೆ ಬಂದು ಸಿಕ್ಕಿಕೊಳ್ಳುವುದು ಹೀಗೆ.

ಈ ಪದಗಳಿಗೆ ಕೊಡುವ ಸುಳಿವುಗಳನ್ನು ಸಾಹಿತ್ಯದ ಸಾಲುಗಳನ್ನು ಓದುವ ಹಾಗೆಯೇ ಓದಬೇಕೆಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ಪದಬಂಧಕ್ಕೂ ವಿಮರ್ಶೆಗೂ ಏನು ಸಂಬಂಧ ಎಂದು ಮೂಗು ಮುರಿಯುವವರು ಇದ್ದಾರೆ. ಸುಳಿವು ಎಂದರೆ ಎರಡು ಮೂರು ಪದಗಳಲ್ಲಿ ಒಂದು ವಸ್ತುವನ್ನು ಹಿಡಿದು ಕೊಡುವ ವ್ಯಾಖ್ಯೆ. ವ್ಯಾಖ್ಯೆ ಎಂದ ಮೇಲೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಇದ್ದೇ ಇರುತ್ತದೆ. ಆ ಆಯ್ಕೆಯಲ್ಲಿ ನಿಲುವೂ ಇರುತ್ತದೆ. ತುಪ್ಪಳದ ಪದಗಳಲ್ಲಿ ಅದು ಎದ್ದು ಕಾಣುತ್ತದೆ. (ಇಲ್ಲಿ ಬರುವ ಸುಳಿವುಗಳೆಲ್ಲ ನಾನೇ ಕಟ್ಟಿಕೊಂಡ ಮಾದರಿಗಳು.)

ಅರ್ಮಿನ್ ಎಂಬುದಕ್ಕೆ ಮೂರು ಸುಳಿವು ನೋಡಿ. ‘ನ್ಯಾಯಾಧೀಶರ ನಿಲುವಂಗಿಯ ಅಂಚು’ ಒಂದು. ‘ದುಬಾರಿ ಬಿಳಿ ಫರ್’ ಇನ್ನೊಂದು. ‘ಸ್ಟೋಟಿನ ಚಳಿಗಾಲದ ಕೋಟು’ ಮೂರನೆಯದು. ಮೂರೂ ಸರಿಯೇ, ಮೂರಕ್ಕೂ ಉತ್ತರ ಒಂದೇ. ಮೊದಲನೆಯದರಲ್ಲಿ ತುಪ್ಪಳ ನ್ಯಾಯಾಧೀಶರದು. ಎರಡನೆಯದರಲ್ಲಿ ಅದು ಅಂಗಡಿಯದು. ಮೂರನೆಯದರಲ್ಲಿ ಮಾತ್ರ ಅದು ಯಾವ ಮೈಮೇಲೆ ಬೆಳೆಯಿತೋ ಆ ಮೈಯದು. ಒಂದು ಷಷ್ಠಿ ವಿಭಕ್ತಿಯಲ್ಲಿ ಇಷ್ಟು ವ್ಯತ್ಯಾಸ.

ಸ್ಟೋಟ್ ಎಂದರೆ ಗೇಣಿಗಿಂತ ತುಸು ಉದ್ದದ, ಮುಂಗುಸಿಯ ಮರಿಯಂತೆ ಕಾಣುವ, ನಮ್ಮ ನೀರುನಾಯಿಗೆ ದೂರದ ನೆಂಟನಾದ ಬೇಟೆಗಾರ ಪ್ರಾಣಿ. ಬೇಸಿಗೆಯಲ್ಲಿ ಅದರ ಬೆನ್ನು ಕಂದು, ಹೊಟ್ಟೆ ಬಿಳಿ. ಹಿಮ ಬೀಳುವ ಸೀಮೆಗಳಲ್ಲಿ ಚಳಿಗಾಲಕ್ಕೆ ಇಡೀ ಮೈ ಬಿಳಿಯಾಗುತ್ತದೆ, ಬಾಲದ ತುದಿ ಮಾತ್ರ ಕಪ್ಪಗೇ ಉಳಿಯುತ್ತದೆ. ಆ ಬಿಳಿ ಬಣ್ಣ ಬಂದಾಗ ಇಂಗ್ಲಿಷ್ ಅದಕ್ಕೆ ಬೇರೆ ಹೆಸರು ಕೊಡುತ್ತದೆ: ಅರ್ಮಿನ್. ಪ್ರಾಣಿ ಅದೇ. ಅದರ ಮೈಗೆ ಬೆಲೆ ಬರುವ ಕಾಲಕ್ಕೆ ಹೆಸರು ಬದಲಾಯಿತು. ಹಂದಿ ಕೊಟ್ಟಿಗೆಯಲ್ಲಿದ್ದಾಗ ಪಿಗ್, ತಟ್ಟೆಗೆ ಬಂದಾಗ ಪೋರ್ಕ್ ಆಗುವುದನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಅರ್ಮಿನ್ ಅದಕ್ಕಿಂತ ವಿಚಿತ್ರ, ಏಕೆಂದರೆ ಪ್ರಾಣಿ ಇನ್ನೂ ಬದುಕಿರುವಾಗಲೇ ಅದಕ್ಕೆ ಬಟ್ಟೆಯ ಹೆಸರು ಅಂಟಿಕೊಳ್ಳುತ್ತದೆ.

ರಾಜರ, ಸಾಮಂತರ ನಿಲುವಂಗಿಗಳಲ್ಲಿ ಬಿಳಿ ತುಪ್ಪಳದ ಮೇಲೆ ಕಪ್ಪು ಚುಕ್ಕೆಗಳಿರುತ್ತವಲ್ಲ, ಅಸಲಿ ಅರ್ಮಿನ್ ಆಗಿದ್ದರೆ ಆ ಒಂದೊಂದು ಚುಕ್ಕೆಯೂ ಒಂದೊಂದು ಬಾಲದ ತುದಿ. ಎಣಿಸಿದರೆ ಎಷ್ಟು ಪ್ರಾಣಿ ಸತ್ತಿತು ಎಂದು ಗೊತ್ತಾಗುತ್ತದೆ. ಲೆಕ್ಕವನ್ನು ಎದೆಯ ಮೇಲೆ ಹೊತ್ತುಕೊಂಡೇ ಮೆರವಣಿಗೆ ಹೋಗುತ್ತಿದ್ದರು.

ಇದಕ್ಕೆ ಒಂದು ಕಥೆಯೂ ಇದೆ. ಅರ್ಮಿನ್ ತನ್ನ ಬಿಳಿ ಮೈ ಕೊಳೆಯಾಗುವುದಕ್ಕಿಂತ ಸಾಯುವುದೇ ಮೇಲೆಂದು ಬಗೆಯುತ್ತದೆ. ಅದರ ಬಿಲದ ಸುತ್ತ ಕೆಸರು ಹರಡಿಟ್ಟರೆ ಕೆಸರು ದಾಟಲಾರದೆ ಬೇಟೆಗಾರರ ಕೈಗೆ ಸಿಕ್ಕಿಬೀಳುತ್ತದೆ ಎಂಬ ನಂಬಿಕೆ ಮಧ್ಯಯುಗದ ಯುರೋಪಿನಲ್ಲಿತ್ತು. ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಇದನ್ನು ಬರೆದುಕೊಂಡಿದ್ದಾನೆ, ಬೇಟೆಗಾರನ ಮುಂದೆ ನಿಂತ ಅರ್ಮಿನ್‌ನ ಪುಟ್ಟ ಚಿತ್ರವನ್ನೂ ಬರೆದಿದ್ದಾನೆ. ಈಗ ಪೋಲೆಂಡಿನ ಕ್ರಾಕೋವ್‌ನಲ್ಲಿರುವ ಅವನ ಪ್ರಸಿದ್ಧ ಚಿತ್ರದಲ್ಲಿ ಯುವತಿಯೊಬ್ಬಳು ತೋಳಿನಲ್ಲಿ ಎತ್ತಿಕೊಂಡಿರುವುದೂ ಇದೇ ಪ್ರಾಣಿಯನ್ನು ಎನ್ನುತ್ತಾರೆ. ಬ್ರಿಟನಿಯ ಡ್ಯೂಕರು ಇದನ್ನೇ ಲಾಂಛನ ಮಾಡಿಕೊಂಡರು. ನ್ಯಾಯಾಧೀಶರ ಅಂಗಿಯ ಅಂಚಿಗೆ ಅರ್ಮಿನ್ ಒಪ್ಪುತ್ತದೆ ಎಂದು ಜನಕ್ಕೆ ಅನ್ನಿಸಿದ್ದರ ಹಿಂದೆಯೂ ಈ ಶುದ್ಧತೆಯ ಕಲ್ಪನೆ ಇದೆ.

ಕಥೆಯ ಒಳಗಿನ ಚಾಲಾಕಿತನ ಗಮನಿಸಿ. ಬಲೆ ಒಡ್ಡಿದವರು ಮನುಷ್ಯರು. ಕಥೆಯಲ್ಲಿ ಮಾತ್ರ ಪ್ರಾಣಿ ತಾನಾಗಿಯೇ ಸಾವನ್ನು ಆರಿಸಿಕೊಂಡಿತು. ಹೀಗೆ ಅದರ ಸಾವು ಅದರದೇ ಗುಣವಾಯಿತು. ಆ ಗುಣ ಅದರ ತೊಗಲನ್ನು ಹೊದ್ದವನಿಗೆ ವರ್ಗಾವಣೆಯಾಯಿತು. ನಿಜವಾದ ಸ್ಟೋಟು ಮೊಲದ ಬಿಲಕ್ಕೆ ನುಗ್ಗುವ, ಮಣ್ಣು ರಕ್ತ ಮೆತ್ತಿಕೊಂಡು ಓಡಾಡುವ ಪ್ರಾಣಿ. ಕೆಸರಿಗೆ ಅಂಜುವ ಜಾತಿಯೇ ಅಲ್ಲ. ‘ಶುದ್ಧತೆಯ ಸಂಕೇತ’ ಎಂಬ ಸುಳಿವು ಕಂಡಾಗಲೆಲ್ಲ ಈ ಕಥೆಯ ಮೇಲೆ ನನಗೆ ಸಿಟ್ಟು ಬರುತ್ತದೆ. ಸಂಕೇತ ಎಂಬ ಮಾತು ಇಷ್ಟು ಸಲೀಸಾಗಿ ಎಷ್ಟೊಂದನ್ನು ಮುಚ್ಚಿಹಾಕಬಲ್ಲದು.

ಸೇಬಲ್ ಕಥೆ ಇನ್ನೂ ಕಹಿ. ಲಾಂಛನಶಾಸ್ತ್ರದಲ್ಲಿ ಸೇಬಲ್ ಎಂದರೆ ಕಪ್ಪು ಬಣ್ಣ. ಹೀಗಾಗಿ ‘ಕಪ್ಪು’ ಎಂಬ ಒಂದೇ ಪದದ ಸುಳಿವಿಗೂ ಅದು ಉತ್ತರವಾಗುತ್ತದೆ. ಆದರೆ ರಷ್ಯಾ ಸೈಬೀರಿಯಾದ ಉದ್ದಗಲಕ್ಕೆ ಚಾಚಿಕೊಂಡದ್ದಕ್ಕೆ ಮುಖ್ಯ ಪ್ರೇರಣೆಯೇ ಈ ಪ್ರಾಣಿಯ ತುಪ್ಪಳ. ಅಲ್ಲಿನ ಮೂಲನಿವಾಸಿಗಳು ಯಸಾಕ್ ಎಂಬ ಕಪ್ಪವನ್ನು ಸೇಬಲ್ ತೊಗಲಿನ ರೂಪದಲ್ಲಿ ತೆರಬೇಕಿತ್ತು, ತೆರುವಂತೆ ಮಾಡಲು ಅವರ ಕಡೆಯವರನ್ನು ಒತ್ತೆಯಾಳಾಗಿ ಇಟ್ಟುಕೊಳ್ಳುತ್ತಿದ್ದರು. ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಬೀವರ್‌ನ ಕಥೆ. 1670ರಲ್ಲಿ ಸನ್ನದು ಪಡೆದ ಹಡ್ಸನ್ಸ್ ಬೇ ಕಂಪನಿಯ ವ್ಯಾಪಾರದಲ್ಲಿ ಬೀವರ್ ತೊಗಲೇ ನಾಣ್ಯ. ಬಂದೂಕು, ಕಂಬಳಿ, ಕೆಟಲ್ ಎಲ್ಲದರ ಬೆಲೆಯೂ ಇಷ್ಟು ಬೀವರ್ ಎಂದೇ. ಆ ತುಪ್ಪಳವನ್ನು ಕಿತ್ತು, ಒತ್ತಿ ಫೆಲ್ಟ್ ಮಾಡಿ ಯುರೋಪಿನ ಗಂಡಸರ ಹ್ಯಾಟು ಹೊಲಿಯುತ್ತಿದ್ದರು. ಬೀವರ್ ಎಂದರೆ ಹ್ಯಾಟು ಎಂಬ ಅರ್ಥ ನಿಘಂಟಿನಲ್ಲಿ ಇನ್ನೂ ಇದೆ. ‘ಹಳೆಯ ಹ್ಯಾಟು’ ಎಂಬ ಸುಳಿವು ಬಂದರೆ ಬೀವರ್ ಬರೆಯಬೇಕಾಗುತ್ತದೆ.

ಇನ್ನು ವೇರ್. ನಾಲ್ಕೇ ಅಕ್ಷರದ, ಮಾತಿನಲ್ಲಿ ಯಾರೂ ಬಳಸದ ಪದ. ಅಳಿಲಿನ ಬೂದು ಬೆನ್ನು, ಬಿಳಿ ಹೊಟ್ಟೆಯ ತೊಗಲುಗಳನ್ನು ಒಂದಾದ ಮೇಲೊಂದು ಹೊಲಿದು ಮಾಡಿದ ತುಪ್ಪಳವಿದು. ಸಾಹಿತ್ಯದಲ್ಲಿ ಇದರ ಪಾತ್ರ ಸ್ವಾರಸ್ಯದ್ದು. ಪೆರೋ 1697ರಲ್ಲಿ ಸಿಂಡ್ರೆಲಾಳ ಚಪ್ಪಲಿಯನ್ನು ಗಾಜಿನದು ಎಂದು ಬರೆದ. ಫ್ರೆಂಚಿನಲ್ಲಿ ಗಾಜು ಎಂಬ ಪದವೂ ವೇರ್ ಎಂಬ ಪದವೂ ಉಚ್ಚಾರದಲ್ಲಿ ಒಂದೇ. ಗಾಜಿನ ಚಪ್ಪಲಿ ಎಲ್ಲಾದರೂ ಉಂಟೆ, ಅದು ಅಳಿಲಿನ ತುಪ್ಪಳದ್ದೇ ಇರಬೇಕು ಎಂದು ಬಾಲ್ಜಾಕ್ ವಾದ ಹೂಡಿದ. ವಿದ್ವಾಂಸರು ಬಹುಪಾಲು ಒಪ್ಪಿಲ್ಲ. ನನಗೂ ಗಾಜೇ ಇರಲಿ ಅನ್ನಿಸುತ್ತದೆ.

ಇಲ್ಲಿಯವರೆಗೆ ನಾನು ಹೇಳಿದ್ದು ಸರಳ ಪದಬಂಧದ ಮಾತು, ಸಮಾನಾರ್ಥಕ ಕೊಟ್ಟು ಮುಗಿಸುವಂಥದ್ದು. ಇಂಗ್ಲಿಷಿನವರು ಕ್ರಿಪ್ಟಿಕ್ ಎಂದು ಕರೆಯುವ ಒಗಟಿನ ಪದಬಂಧ ಬೇರೆಯದೇ ಸಂಗತಿ. ಅಲ್ಲಿ ಸುಳಿವಿಗೆ ಎರಡು ಮುಖ. ಒಂದು ತುದಿಯಲ್ಲಿ ಉತ್ತರದ ಅರ್ಥ ಇರುತ್ತದೆ, ಉಳಿದ ಭಾಗದಲ್ಲಿ ಅಕ್ಷರಗಳನ್ನು ಕಟ್ಟುವ ಬಗೆ ಇರುತ್ತದೆ. ಮೇಲ್ನೋಟಕ್ಕೆ ಇಡೀ ವಾಕ್ಯ ಇನ್ನೇನೋ ಹೇಳುತ್ತಿರುತ್ತದೆ. ತುಪ್ಪಳದ ಪದಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಟೋಸ್ಟ್ ಎಂಬುದರ ಐದು ಅಕ್ಷರ ಕಲಸಿದರೆ ಸ್ಟೋಟ್. ಟ್ರ್ಯಾಪ್ ಅನ್ನು ಹಿಂದುಮುಂದು ಮಾಡಿದರೆ ಪಾರ್ಟ್. ಜಿನ್ ಎಂದರೆ ಕುಡಿಯುವ ಮದ್ಯವೂ ಹೌದು, ಪ್ರಾಣಿ ಹಿಡಿಯುವ ಉಕ್ಕಿನ ಹಲ್ಲಿನ ಕತ್ತರಿಯೂ ಹೌದು. ಎರಡಕ್ಕೂ ಮೂಲ ಬೇರೆ ಬೇರೆ; ಒಂದು ಎಂಜಿನ್ ಪದದ ತುಂಡು, ಇನ್ನೊಂದು ಜುನಿಪರ್ ಗಿಡದ ಕಡೆಯದು. ಆ ಹಲ್ಲಿನ ಜಿನ್ ಇಂಗ್ಲೆಂಡಿನಲ್ಲಿ 1958ರಿಂದ ನಿಷಿದ್ಧ. ಪದಬಂಧದಲ್ಲಿ ಅದು ಇವತ್ತಿಗೂ ಬಾಯಿ ತೆರೆದುಕೊಂಡೇ ಇದೆ.

ಅಂಡರ್‌ಮೈನ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು ಅದರ ಕೊನೆಯ ಆರು ಅಕ್ಷರ ನೋಡಿ. ಅರ್ಮಿನ್ ಅಡಗಿ ಕೂತಿದೆ! ಡಿಟರ್ಮಿನ್‌ನ ಹೊಟ್ಟೆಯಲ್ಲೂ ಅದೇ. ನ್ಯಾಯಾಧೀಶರು ತೀರ್ಮಾನಿಸುವುದಕ್ಕೆ ಇಂಗ್ಲಿಷಿನಲ್ಲಿ ಬಳಸುವ ಪದದೊಳಗೆ ಅವರ ಅಂಗಿಯ ಅಂಚು ಅಡಗಿರುವುದನ್ನು ಒಬ್ಬ ಒಳ್ಳೆಯ ಸುಳಿವುಗಾರ ಹೇಗೆ ಬಿಟ್ಟಾನು?

ಹೈಡ್ ಎಂಬ ಪದ ನನಗೆ ಇವೆಲ್ಲಕ್ಕಿಂತ ಹೆಚ್ಚು. ಅದು ತೊಗಲೂ ಹೌದು, ಅಡಗು ಎಂಬ ಕ್ರಿಯೆಯೂ ಹೌದು. ‘ತೊಗಲು ಉಳಿಸಿಕೊಳ್ಳಲು ಪ್ರಾಣಿ ಮಾಡುವ ಕೆಲಸ’ ಎಂದು ಸುಳಿವು ಕೊಟ್ಟರೆ ಎರಡೂ ಅರ್ಥ ಒಂದೇ ವಾಕ್ಯದಲ್ಲಿ ಎದುರುಬದುರಾಗುತ್ತವೆ. ಸಮಾನಾರ್ಥಕದ ಸುಳಿವು ಪ್ರಾಣಿಯನ್ನು ಕೋಟಿನೊಳಗೆ ಮುಚ್ಚಿಬಿಟ್ಟರೆ, ಒಗಟಿನ ಸುಳಿವು ಮೇಲುವಾಕ್ಯಕ್ಕಾಗಿ ಒಂದು ದೃಶ್ಯವನ್ನು ಹುಟ್ಟಿಸಲೇಬೇಕಾಗುತ್ತದೆ. ಆ ದೃಶ್ಯದಲ್ಲಿ ಪ್ರಾಣಿ ಮತ್ತೆ ಓಡುತ್ತದೆ, ಅಡಗುತ್ತದೆ, ಸಿಕ್ಕಿಬೀಳುತ್ತದೆ. ಸುಳಿವುಗಾರನಿಗೆ ಪ್ರಾಣಿದಯೆ ಇರಬೇಕೆಂದೇನೂ ಇಲ್ಲ. ಪದದ ಎಲ್ಲ ಅರ್ಥಗಳ ಮೇಲೂ ಕಣ್ಣಿಟ್ಟರೆ ಸಾಕು, ಪ್ರಾಣಿ ತಾನಾಗಿ ಬರುತ್ತದೆ.

ಸುಳಿವುಗಾರರೂ ಒಂದು ಬಗೆಯ ಬೇಟೆಗಾರರೇ. ಇಂಗ್ಲೆಂಡಿನ ಅಬ್ಸರ್ವರ್ ಪತ್ರಿಕೆಯಲ್ಲಿ 1926ರಿಂದ ಪದಬಂಧ ಕಟ್ಟಿದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಇಟ್ಟುಕೊಂಡ ಹೆಸರು ಟೊರ್ಕೆಮಾಡ. ಸ್ಪೇನಿನ ಧರ್ಮವಿಚಾರಣೆಯಲ್ಲಿ ಜನರನ್ನು ಹಿಂಸಿಸಿದವನ ಹೆಸರು. ಅವರ ನಂತರ ಬಂದ ಮ್ಯಾಕ್‌ನಟ್ ಆರಿಸಿಕೊಂಡ ಕ್ಸಿಮೆನಿಸ್ ಎಂಬುದೂ ಅಂಥದ್ದೇ ಹೆಸರು. 1972ರಿಂದ ಮುಂದುವರಿಸಿದ ಅಜೆಡ್ ಕೂಡ ಡೆಜಾ ಎಂಬ ವಿಚಾರಕನ ಹೆಸರಿನ ತಿರುಗುಮುರುಗು. ಬಿಡಿಸುವವರನ್ನು ಚಿತ್ರಹಿಂಸೆಗೆ ಒಡ್ಡುತ್ತೇವೆ ಎಂಬ ತಮಾಷೆ ಇದರಲ್ಲಿದೆ. ಆದರೆ ಇದೇ ಮ್ಯಾಕ್‌ನಟ್ 1966ರ ತಮ್ಮ ಪುಸ್ತಕದಲ್ಲಿ ನ್ಯಾಯದ ಸುಳಿವಿನ ಕಟ್ಟಳೆಗಳನ್ನು ಹಾಕಿಕೊಟ್ಟವರು. ಸುಳಿವು ದಾರಿ ತಪ್ಪಿಸಬಹುದು, ಸುಳ್ಳು ಹೇಳಕೂಡದು. ಹೊರಗೆ ಬರುವ ದಾರಿ ಅದರೊಳಗೇ ಇರಬೇಕು. ಕಾಡಿನ ಉರುಳಿಗೆ ಇಂಥ ಕಟ್ಟಳೆ ಇಲ್ಲ.

ತುಪ್ಪಳದ ಪದಗಳೆಲ್ಲ ಶೋಕಿಯವರದು ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಅನೋರಾಕ್, ಪಾರ್ಕಾ ಎಂಬ ಎರಡೂ ಪದ ಉತ್ತರಧ್ರುವದ ಸುತ್ತಲಿನ ಜನರ ಭಾಷೆಗಳಿಂದ ಬಂದವು. ಸೀಲ್, ಹಿಮಸಾರಂಗಗಳ ತೊಗಲು ಅವರಿಗೆ ಅಂತಸ್ತಿನ ಪ್ರಶ್ನೆಯಲ್ಲ, ಬೆಳಗಿನ ತನಕ ಬದುಕಿರುವ ಪ್ರಶ್ನೆ. ಇವೇ ಪದಗಳು ಇಂಗ್ಲಿಷಿಗೆ ಬಂದು ಏನಾದವು ನೋಡಿ. ಬ್ರಿಟನ್ನಿನ ಆಡುಮಾತಿನಲ್ಲಿ ಅನೋರಾಕ್ ಎಂದರೆ ರೈಲಿನ ನಂಬರು ಬರೆದುಕೊಳ್ಳುವ, ಕ್ಷುಲ್ಲಕ ವಿವರಗಳಿಗೆ ಗಂಟುಬೀಳುವ ಮನುಷ್ಯ. ನನ್ನಂತೆ ಪದಬಂಧದ ಸುಳಿವುಗಳ ಬಗ್ಗೆ ಲೇಖನ ಬರೆಯುವವನು ಅನ್ನಿ.

ಕನ್ನಡದ ಕಡೆ ತಿರುಗಿದರೆ ಮೊದಲು ಎದುರಾಗುವುದು ಲಿಪಿ. ನಮ್ಮ ಪದಬಂಧದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಒತ್ತು ಗುಣಿತ ಸಮೇತ. ತುಪ್ಪಳಕ್ಕೆ ಮೂರೇ ಮನೆ. ಅಕ್ಷರ ಕಲಸುವ ಆಟ ಇಲ್ಲಿ ಅಷ್ಟಾಗಿ ನಡೆಯದು. ಬಲೆಯನ್ನು ತಿರುಗಿಸಿದರೆ ಲೆಬ, ಏನೂ ಹುಟ್ಟುವುದಿಲ್ಲ. ಧರ್ಮದ ಮೊದಲಕ್ಷರ ಬದಲಿಸಿದರೆ ಚರ್ಮ, ಇಷ್ಟು ಮಾಡಬಹುದು. ಹೀಗಾಗಿ ಕನ್ನಡದ ಸುಳಿವುಗಳು ಬಹುಪಾಲು ಅರ್ಥದ ಮೇಲೆ, ಗಾದೆ ಪುರಾಣಗಳ ಮೇಲೆ ನಿಲ್ಲುತ್ತವೆ. ಮೇಲೆ ಕೊಟ್ಟ ‘ಸ್ಟೋಟಿನ ಚಳಿಗಾಲದ ಕೋಟು’ ಎಂಬುದನ್ನು ಕನ್ನಡಕ್ಕೆ ತಂದರೆ ಅರ್ಧ ಸತ್ವ ಹೋಗುತ್ತದೆ. ಇಂಗ್ಲಿಷಿನಲ್ಲಿ ಪ್ರಾಣಿಯ ಮೈಗೂದಲೂ ಕೋಟೇ, ಮನುಷ್ಯ ತೊಡುವುದೂ ಕೋಟೇ. ನಮಗೆ ಕೋಟು ದರ್ಜಿಯ ಬಳಿ ಹೊಲಿಸುವ ವಸ್ತು ಮಾತ್ರ.

ನಮ್ಮ ಸೀಮೆಯ ಚಳಿಗೆ ಕಂಬಳಿ ಸಾಕು. ಅದರ ಉಣ್ಣೆ ಕತ್ತರಿಸಿದ ಮೇಲೂ ಕುರಿ ಎದ್ದು ಮೇಯಲು ಹೋಗುತ್ತದೆ. ನೀರುನಾಯಿಗೆ ನಾವಿಟ್ಟ ಹೆಸರಿನಲ್ಲೂ ಅದರ ಬದುಕಿದೆ, ತೊಗಲಿಲ್ಲ. ಇಷ್ಟನ್ನು ಹಿಡಿದುಕೊಂಡು ಕನ್ನಡ ಹೆಚ್ಚು ಕರುಣೆಯ ಭಾಷೆ ಎಂದು ಬೀಗಲು ಮನಸ್ಸಾಗುತ್ತದೆ. ಆಗುವುದಿಲ್ಲ. 2003ರಲ್ಲಿ ಟಿಬೆಟ್‌ನಲ್ಲಿ ಒಂದೇ ಸಲಕ್ಕೆ ಸಿಕ್ಕಿಬಿದ್ದ ಕಳ್ಳಮಾಲಿನಲ್ಲಿ 31 ಹುಲಿ, 581 ಚಿರತೆ, 778 ನೀರುನಾಯಿಗಳ ತೊಗಲಿದ್ದವು. ಇಂಥ ಸರಕಿನ ದೊಡ್ಡ ಮೂಲ ಭಾರತದ ಕಾಡು, ಹೊಳೆಗಳೇ.

ಭಾಷೆಯೊಳಗೂ ನಾವು ಅಷ್ಟೇನೂ ಮುಗ್ಧರಲ್ಲ. ಅಜಿನ ಎಂಬ ಮೂರಕ್ಷರದ ಪದಕ್ಕೆ ‘ಋಷಿಯ ಆಸನ’ ಎಂದು ಸುಳಿವು ಕೊಟ್ಟರೆ ಜಿಂಕೆ ಎಲ್ಲಿ ಹೋಯಿತು? ಅರ್ಮಿನ್‌ನ ಹಾಗೆ ಇಲ್ಲೂ ಶುದ್ಧತೆಯ ಮಾತು, ಮಡಿಯ ಮಾತು. ರಾಮಾಯಣದ ಚಿನ್ನದ ಜಿಂಕೆಯನ್ನು ನೆನೆಯಿರಿ. ವಾಲ್ಮೀಕಿಯ ಸೀತೆ ಅದನ್ನು ಜೀವಂತ ಹಿಡಿದು ತರಲು ಕೇಳುತ್ತಾಳೆ, ಆಗದಿದ್ದರೆ ಅದರ ತೊಗಲಾದರೂ ಕೂರಲು ಬೇಕೆನ್ನುತ್ತಾಳೆ. ತೊಗಲೇ ಅಲ್ಲಿ ಬಲೆ. ಮಾರೀಚನಿಗೆ ‘ಮಾಯಾಮೃಗ’ ಎಂದು ಸುಳಿವು ಕೊಟ್ಟು ಸುಮ್ಮನಾಗುವ ನಮ್ಮ ಪದಬಂಧಗಳು ಈ ಎಳೆಯನ್ನು ಹಿಡಿಯುವುದೇ ಇಲ್ಲ.

ಕೃತ್ತಿವಾಸ ಎಂಬುದಕ್ಕೂ ‘ಶಿವ’ ಎಂದಷ್ಟೇ ಕೊಟ್ಟರೆ ನಾಲ್ಕು ಮನೆ ತುಂಬುತ್ತದೆ. ತೊಗಲನ್ನು ಉಟ್ಟವನು ಎಂಬ ಅರ್ಥ ಹೊರಗೇ ಉಳಿಯುತ್ತದೆ. ಹಳೇಬೀಡಿನ ಶಿಲ್ಪಿ ಹಾಗೆ ಮಾಡಲಿಲ್ಲ. ಅಲ್ಲಿನ ಗಜಾಸುರಸಂಹಾರದಲ್ಲಿ ಆನೆಯ ತೊಗಲು ಕುಣಿಯುವ ಶಿವನ ಸುತ್ತ ಕಮಾನಿನಂತೆ ಹರಡಿದೆ, ಕಾಲಡಿಯಲ್ಲಿ ಆನೆಯ ತಲೆಯೂ ಇದೆ. ಯಾರ ತೊಗಲು ಎಂದು ಕೇಳುವ ಅಗತ್ಯವೇ ಬೀಳದಂತೆ ಕಡೆದಿದ್ದಾನೆ. ಒಳ್ಳೆಯ ಸುಳಿವು ಎಂದರೆ ನನಗೆ ಆ ಕಲ್ಲು ನೆನಪಾಗುತ್ತದೆ.

ತುಪ್ಪಳದಲ್ಲಿ ಬಡವಾದ ಕನ್ನಡ ಹಿಡಿಯುವ ಸಲಕರಣೆಗಳಲ್ಲಿ ಶ್ರೀಮಂತ. ಬಲೆ, ಬೋನು, ಗಾಳ, ಗುಳಿ, ಕುಣಿಕೆ, ಉರುಳು. ಇವುಗಳಲ್ಲಿ ಬಲೆ ಕಾಡು ಬಿಟ್ಟು ಊರಿಗೆ ಬಂದು ಬಹಳ ಕಾಲವಾಯಿತು. ಪ್ರೇಮದ ಬಲೆ, ಲೋಕಾಯುಕ್ತ ಬಲೆ. ನೀವು ಈ ಲೇಖನ ಓದುತ್ತಿರುವ ಅಂತರ್ಜಾಲವೂ ಒಂದು ಬಲೆಯೇ. ಕಾಕನಕೋಟೆಯ ಖೆಡ್ಡಾ 1971ಕ್ಕೆ ನಿಂತುಹೋಯಿತು. ಆ ಪದ ಇಂಗ್ಲಿಷ್ ನಿಘಂಟುಗಳಿಗೂ ಸೇರಿ, ಆನೆ ಕಂಡಿರದ ಊರುಗಳ ಪದಬಂಧಕ್ಕೆ ಸಿದ್ಧವಾಗಿ ಕೂತಿದೆ. ನಮಗೆ ಅರ್ಮಿನ್ ಹೇಗೋ ಅವರಿಗೆ ಖೆಡ್ಡಾ ಹಾಗೆ. ಸುಲಿ ಎಂಬ ಕ್ರಿಯಾಪದ ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ. ಬಾಳೆಹಣ್ಣು ಸುಲಿಯುತ್ತೇವೆ, ತೊಗಲು ಸುಲಿಯುತ್ತೇವೆ, ದಾರಿಹೋಕರನ್ನೂ ಸುಲಿಯುತ್ತೇವೆ. ಸುಲಿಗೆ ಎಂಬ ಮೂರು ಮನೆಯ ಪದಕ್ಕೆ ಇಂಗ್ಲಿಷಿನ ಹೈಡ್‌ನಷ್ಟೇ ಒಳ್ಳೆಯ ಸುಳಿವು ಸಾಧ್ಯ. ಯಾರಾದರೂ ಕಟ್ಟಬೇಕು.

ನನಗೆ ಕಟ್ಟಬೇಕೆನ್ನಿಸಿದ್ದು ಉರುಳಿಗೆ. ಹೊರಳು ಎಂಬ ಅರ್ಥದ ಕ್ರಿಯಾಪದವೂ ಅದೇ, ತಂತಿಯ ಕುಣಿಕೆಯೂ ಅದೇ. ‘ಬಲೆ’ ಎಂದು ಕೊಟ್ಟರೆ ಬಿಡಿಸುವವರಿಗೆ ಸುಲಭ, ಮರೆಯಲೂ ಸುಲಭ. ‘ಹೊರಳಿದಷ್ಟೂ ಬಿಗಿಯುವುದು’ ಎಂಬುದು ಪರವಾಗಿಲ್ಲ, ಎರಡೂ ಅರ್ಥ ಬಂತು. ಆದರೆ ಮಲೆನಾಡಿನ ಕಾಫಿ ತೋಟಗಳ ಅಂಚಿನಲ್ಲಿ ಹಂದಿಗೆಂದು ಕಟ್ಟಿದ ತಂತಿಗೆ ಚಿರತೆ ಸಿಕ್ಕಿ ನರಳುವ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಎಷ್ಟೋ ಸಲ ಪದಬಂಧದ ಹಿಂದಿನ ಪುಟದಲ್ಲೇ. ಸದ್ಯಕ್ಕೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೀಗೆ ಬರೆದಿಟ್ಟಿದ್ದೇನೆ: ಹಂದಿ ಸಿಕ್ಕಿದರೆ ಊಟ, ಚಿರತೆ ಸಿಕ್ಕಿದರೆ ಸುದ್ದಿ (3).